ಕೊಬ್ಬಿನ ಜೀವಕೋಶಗಳ ಹಾರ್ಮೋನು ಸ್ರವಿಕೆ

ಕೊಬ್ಬಿನ ಜೀವಕೋಶಗಳ ಹಾರ್ಮೋನು ಸ್ರವಿಕೆ ಎಂದರೆ ದೇಹದ ಮೇದಸ್ಸಿನ ಅಂಗಾಂಶದಲ್ಲಿರುವ ಜೀವಕೋಶಗಳು ಲೆಪ್ಟಿನ್, ಅಡಿಪೊನೆಕ್ಟಿನ್ ಮೊದಲಾದ ಹಾರ್ಮೋನುಗಳನ್ನು ತಯಾರಿಸಿ, ದೇಹದ ಸ್ಥಿತಿಗೆ ಅನುಗುಣವಾದ ಪ್ರಮಾಣದಲ್ಲಿ ರಕ್ತಕ್ಕೆ ಬಿಡುವ ಕ್ರಿಯೆ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಕೊಬ್ಬನ್ನು ಶಕ್ತಿಯ ಉಗ್ರಾಣವೆಂದೂ ಶಾಖವನ್ನು ಕಾಪಾಡುವ ಹೊದಿಕೆಯೆಂದೂ ಮಾತ್ರ ಪರಿಗಣಿಸಲಾಗಿತ್ತು. 1994ರಲ್ಲಿ ಲೆಪ್ಟಿನ್ ಪತ್ತೆಯಾದ ಬಳಿಕ ಈ ತಿಳಿವಳಿಕೆ ಬದಲಾಯಿತು. ಥೈರಾಯ್ಡ್, ಅಡ್ರಿನಲ್ ಮುಂತಾದ ನಿರ್ನಾಳ ಗ್ರಂಥಿಗಳಂತೆಯೇ ಮೇದಸ್ಸೂ ಒಂದು ಸ್ರಾವಕ ಅಂಗವೆಂದು ಇಂದು ಒಪ್ಪಲಾಗಿದೆ. ಕೊಬ್ಬಿನ ಕೋಶಗಳಿಂದ ಹೊರಬರುವ ಸಂಕೇತ ಪ್ರೋಟೀನುಗಳನ್ನು ಒಟ್ಟಾಗಿ ಅಡಿಪೊಕೈನುಗಳು ಎನ್ನುತ್ತಾರೆ.

ಈ ಹಾರ್ಮೋನುಗಳೆಲ್ಲವೂ ಒಂದೇ ನಿಯಮಕ್ಕೆ ಒಳಪಟ್ಟು ಹೊರಬರುವುದಿಲ್ಲ. ಕೊಬ್ಬಿನ ಸಂಗ್ರಹ ಹೆಚ್ಚಿದಂತೆ ಲೆಪ್ಟಿನ್ನಿನ ಪ್ರಮಾಣ ಏರುತ್ತದೆ. ಅಡಿಪೊನೆಕ್ಟಿನ್ನಿನ ಪ್ರಮಾಣ ಇಳಿಯುತ್ತದೆ. ಒಂದೇ ಕೋಶದಿಂದ ಹೊರಡುವ ಎರಡು ಹಾರ್ಮೋನುಗಳು ಹೀಗೆ ವಿರುದ್ಧ ದಿಕ್ಕಿನಲ್ಲಿ ಸಾಗುವುದನ್ನು ಅರಿತರೆ ಹಸಿವು, ಬೊಜ್ಜು ಹಾಗೂ ಮಧುಮೇಹಗಳ ನಡುವಿನ ಸಂಬಂಧವನ್ನು ಗ್ರಹಿಸುವುದು ಸುಲಭವಾಗುತ್ತದೆ.

ಕೊಬ್ಬಿನ ಕೋಶದ ರಚನೆ

ಮನುಷ್ಯದೇಹದಲ್ಲಿ ಬಿಳಿ ಕೊಬ್ಬು ಮತ್ತು ಕಂದು ಕೊಬ್ಬು ಎಂಬ ಎರಡು ಮುಖ್ಯ ಬಗೆಗಳಿವೆ. ಬಿಳಿ ಕೊಬ್ಬಿನ ಕೋಶದ ಬಹುಭಾಗವನ್ನು ಒಂದೇ ಒಂದು ದೊಡ್ಡ ಕೊಬ್ಬಿನ ಹನಿ ಆವರಿಸಿರುತ್ತದೆ. ಕೋಶಕೇಂದ್ರವೂ ಜೀವದ್ರವ್ಯವೂ ಅಂಚಿಗೆ ಸರಿದು ತೆಳುವಾದ ಪಟ್ಟಿಯಂತೆ ಕಾಣುತ್ತವೆ. ಹಾರ್ಮೋನಿನ ತಯಾರಿಕೆಯೆಲ್ಲ ನಡೆಯುವುದು ಈ ತೆಳುಪಟ್ಟಿಯಲ್ಲಿಯೇ. ಕಂದು ಕೊಬ್ಬಿನ ಕೋಶದಲ್ಲಿ ಸಣ್ಣ ಸಣ್ಣ ಹನಿಗಳೂ ಹೇರಳವಾದ ಮೈಟೋಕಾಂಡ್ರಿಯಗಳೂ ಇರುತ್ತವೆ. ಅದರ ಮುಖ್ಯ ಕೆಲಸ ಶಾಖೋತ್ಪಾದನೆ. ನವಜಾತ ಶಿಶುಗಳಲ್ಲಿ ಅದು ಹೆಚ್ಚಾಗಿರುತ್ತದೆ. ಹಾರ್ಮೋನು ಸ್ರವಿಕೆಯ ದೃಷ್ಟಿಯಿಂದ ಪ್ರಧಾನವಾದುದು ಬಿಳಿ ಕೊಬ್ಬು.

ಕೊಬ್ಬು ಶೇಖರವಾಗುವ ಸ್ಥಳವೂ ಮುಖ್ಯ. ತೊಡೆ, ಪೃಷ್ಠ, ತೋಳುಗಳ ಚರ್ಮದಡಿಯಲ್ಲಿರುವ ಕೊಬ್ಬು ಒಂದು ಬಗೆ. ಹೊಟ್ಟೆಯೊಳಗೆ ಕರುಳು ಮತ್ತಿತರ ಅಂಗಗಳ ಸುತ್ತ ಸೇರುವ ಕೊಬ್ಬು ಇನ್ನೊಂದು ಬಗೆ. ಲೆಪ್ಟಿನ್ನಿನ ಹೆಚ್ಚಿನ ಭಾಗ ಚರ್ಮದಡಿಯ ಕೊಬ್ಬಿನಿಂದ ಬರುತ್ತದೆ. ಹೊಟ್ಟೆಯೊಳಗಿನ ಕೊಬ್ಬಿನ ರಕ್ತವು ನೇರವಾಗಿ ಯಕೃತ್ತಿಗೆ ಹರಿಯುವುದರಿಂದ, ಅದು ಬಿಡುಗಡೆ ಮಾಡುವ ಕೊಬ್ಬಿನಾಮ್ಲಗಳೂ ಉರಿಯೂತಕಾರಕ ಪದಾರ್ಥಗಳೂ ಮೊದಲು ಯಕೃತ್ತನ್ನೇ ತಲುಪುತ್ತವೆ.

ಸಂಶೋಧನೆಯ ಇತಿಹಾಸ

ಕೊಬ್ಬು ತನ್ನ ಸಂಗ್ರಹದ ಪ್ರಮಾಣವನ್ನು ಯಾವುದೋ ಸಂಕೇತದ ಮೂಲಕ ಮಿದುಳಿಗೆ ತಿಳಿಸುತ್ತಿರಬೇಕು ಎಂಬ ಊಹೆಯನ್ನು ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಗಾರ್ಡನ್ ಕೆನಡಿ 1953ರಲ್ಲಿ ಮುಂದಿಟ್ಟರು. ಆ ಸಂಕೇತ ಯಾವುದೆಂಬುದು ಮಾತ್ರ ನಾಲ್ಕು ದಶಕಗಳ ಕಾಲ ತಿಳಿಯಲಿಲ್ಲ.

ಅದರ ಪತ್ತೆಗೆ ನೆರವಾದವು ಎರಡು ತಳಿಯ ಇಲಿಗಳು. ಅಮೆರಿಕದ ಬಾರ್ ಹಾರ್ಬರ್‌ನಲ್ಲಿರುವ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ಅತಿಯಾಗಿ ತಿಂದು ವಿಪರೀತ ದಪ್ಪವಾಗುವ ಇಲಿಗಳು ತಾವಾಗಿಯೇ ಹುಟ್ಟಿಕೊಂಡವು. ಇವುಗಳ ದೋಷಯುಕ್ತ ವಂಶವಾಹಿಗೆ 'ಒಬಿ' ಎಂಬ ಹೆಸರಾಯಿತು. ಅದೇ ಪ್ರಯೋಗಾಲಯದಲ್ಲಿ 1966ರಲ್ಲಿ ವರದಿಯಾದ ಇನ್ನೊಂದು ತಳಿ ದಪ್ಪವಾಗುವುದರ ಜೊತೆಗೆ ತೀವ್ರ ಮಧುಮೇಹಕ್ಕೂ ತುತ್ತಾಗುತ್ತಿತ್ತು. ಅದರ ವಂಶವಾಹಿಯನ್ನು 'ಡಿಬಿ' ಎಂದು ಕರೆದರು.

ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಇಲಿಗಳನ್ನು ಎರಡೆರಡಾಗಿ ಶಸ್ತ್ರಕ್ರಿಯೆಯಿಂದ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಫಲಿತಾಂಶಗಳು ಹೀಗಿದ್ದವು:

- ಸಾಮಾನ್ಯ ಇಲಿಯೊಂದಿಗೆ ಜೋಡಿಸಿದಾಗ ಒಬಿ ಇಲಿ ಕಡಿಮೆ ತಿನ್ನತೊಡಗಿತು. ಅದರ ತೂಕದ ಏರಿಕೆ ತಗ್ಗಿತು.
- ಡಿಬಿ ಇಲಿಯೊಂದಿಗೆ ಜೋಡಿಸಿದಾಗ ಸಾಮಾನ್ಯ ಇಲಿ ಆಹಾರ ಬಿಟ್ಟು ಸತ್ತಿತು. ಡಿಬಿ ಇಲಿ ದಪ್ಪವಾಗಿಯೇ ಉಳಿಯಿತು.
- ಒಬಿ ಮತ್ತು ಡಿಬಿ ಇಲಿಗಳನ್ನು ಜೋಡಿಸಿದಾಗ ಒಬಿ ಇಲಿ ಆಹಾರ ಬಿಟ್ಟು ಸೊರಗಿತು.

ಇದರಿಂದ ಕೋಲ್ಮನ್ ಒಂದು ತೀರ್ಮಾನಕ್ಕೆ ಬಂದರು. ಹೊಟ್ಟೆ ತುಂಬಿತೆಂದು ತಿಳಿಸುವ ಯಾವುದೋ ಪದಾರ್ಥ ರಕ್ತದಲ್ಲಿದೆ. ಒಬಿ ಇಲಿಗೆ ಅದನ್ನು ತಯಾರಿಸಲು ಬಾರದು, ಆದರೆ ಬೇರೆಡೆಯಿಂದ ಬಂದರೆ ಗುರುತಿಸಬಲ್ಲದು. ಡಿಬಿ ಇಲಿ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ಆದರೆ ಗುರುತಿಸಲಾರದು.

ನ್ಯೂಯಾರ್ಕಿನ ರಾಕೆಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು 1994ರಲ್ಲಿ ಒಬಿ ವಂಶವಾಹಿಯನ್ನು ಬೇರ್ಪಡಿಸಿದಾಗ ಈ ಊಹೆ ನಿಜವಾಯಿತು. ಆ ವಂಶವಾಹಿ ತಯಾರಿಸುವ ಪ್ರೋಟೀನು ಹುಟ್ಟುತ್ತಿದ್ದುದು ಕೊಬ್ಬಿನ ಕೋಶದಲ್ಲಿ. ತೆಳ್ಳಗೆ ಎಂಬ ಅರ್ಥದ 'ಲೆಪ್ಟೋಸ್' ಎಂಬ ಗ್ರೀಕ್ ಪದದಿಂದ ಅದಕ್ಕೆ ಲೆಪ್ಟಿನ್ ಎಂಬ ಹೆಸರು ಬಂದಿತು. ಮರುವರ್ಷ ಲೆಪ್ಟಿನ್ನಿನ ಗ್ರಾಹಕವೂ ಪತ್ತೆಯಾಯಿತು. ಡಿಬಿ ಇಲಿಯಲ್ಲಿ ಕೆಟ್ಟಿದ್ದುದು ಆ ಗ್ರಾಹಕವೇ. ಕೋಲ್ಮನ್ ಮತ್ತು ಫ್ರೀಡ್‌ಮನ್ ಅವರಿಗೆ 2010ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು.

ಲೆಪ್ಟಿನ್ ಸ್ರವಿಕೆಯ ನಿಯಂತ್ರಣ

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಇನ್ಸುಲಿನ್ನನ್ನು ಸಣ್ಣ ಚೀಲಗಳಲ್ಲಿ ಮೊದಲೇ ತುಂಬಿಟ್ಟುಕೊಂಡು, ಗ್ಲೂಕೋಸ್ ಏರಿದೊಡನೆ ಹೊರಚೆಲ್ಲುತ್ತವೆ. ಕೊಬ್ಬಿನ ಕೋಶದಲ್ಲಿ ಲೆಪ್ಟಿನ್ನಿನ ಅಂತಹ ದೊಡ್ಡ ದಾಸ್ತಾನು ಇರುವುದಿಲ್ಲ. ಅದು ಬಹುಮಟ್ಟಿಗೆ ತಯಾರಾದಂತೆಲ್ಲ ಹೊರಹೋಗುತ್ತಿರುತ್ತದೆ. ರಕ್ತ ಸೇರಿದ ಲೆಪ್ಟಿನ್ನಿನ ಅರ್ಧಭಾಗವು ಸುಮಾರು ಅರ್ಧ ಗಂಟೆಯೊಳಗೆ ಮಾಯವಾಗುತ್ತದೆ. ಅದನ್ನು ತೆಗೆದುಹಾಕುವ ಕೆಲಸ ಮುಖ್ಯವಾಗಿ ಮೂತ್ರಪಿಂಡಗಳದು. ಆದ್ದರಿಂದ ತಯಾರಿಕೆಯ ವೇಗವೇ ರಕ್ತದಲ್ಲಿನ ಮಟ್ಟವನ್ನು ನಿರ್ಧರಿಸುತ್ತದೆ. ಆ ವೇಗವನ್ನು ಹಲವು ಅಂಶಗಳು ನಿಯಂತ್ರಿಸುತ್ತವೆ.

ಕೋಶದ ಗಾತ್ರ: ಕೊಬ್ಬು ತುಂಬಿ ಹಿಗ್ಗಿದ ಕೋಶವು ಸಣ್ಣ ಕೋಶಕ್ಕಿಂತ ಹೆಚ್ಚು ಲೆಪ್ಟಿನ್ ತಯಾರಿಸುತ್ತದೆ. ಹೀಗಾಗಿ ರಕ್ತದ ಲೆಪ್ಟಿನ್ ಮಟ್ಟವು ದೇಹದ ಒಟ್ಟು ಕೊಬ್ಬಿನ ಸೂಚಕವಾಗುತ್ತದೆ. ಕಣಜದಲ್ಲಿ ಎಷ್ಟು ಕಾಳಿದೆ ಎಂಬ ಲೆಕ್ಕವನ್ನು ಕಣಜವೇ ಒಪ್ಪಿಸಿದಂತೆ ಇದು.

ಇನ್ಸುಲಿನ್: ಊಟದ ನಂತರ ಏರುವ ಇನ್ಸುಲಿನ್ ಕೊಬ್ಬಿನ ಕೋಶದಲ್ಲಿ ಲೆಪ್ಟಿನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಈಗಾಗಲೇ ಇರುವ ಆರ್‌ಎನ್‌ಎ ಪ್ರತಿಗಳಿಂದ ಪ್ರೋಟೀನು ರೂಪುಗೊಳ್ಳುವ ಹಂತವನ್ನು ಅದು ಚುರುಕುಗೊಳಿಸುತ್ತದೆ. ಈ ಪರಿಣಾಮ ನಿಮಿಷಗಳಲ್ಲಿ ತೋರುವಂಥದಲ್ಲ, ಕೆಲವು ಗಂಟೆಗಳ ಅವಧಿಯಲ್ಲಿ ತೋರುವಂಥದು. ಆದ್ದರಿಂದ ಲೆಪ್ಟಿನ್ ಒಂದು ಹೊತ್ತಿನ ಊಟವನ್ನು ನಿಲ್ಲಿಸುವ ಸಂಕೇತವಲ್ಲ. ದಿನಗಳ, ವಾರಗಳ ಲೆಕ್ಕವನ್ನು ತಿಳಿಸುವ ಸಂಕೇತ.

ಉಪವಾಸ: ಒಂದೆರಡು ದಿನ ಆಹಾರವಿಲ್ಲದಿದ್ದರೆ ಲೆಪ್ಟಿನ್ ಮಟ್ಟ ತೀವ್ರವಾಗಿ ಕುಸಿಯುತ್ತದೆ. ಅಷ್ಟರಲ್ಲಿ ಕರಗಿದ ಕೊಬ್ಬು ಅತ್ಯಲ್ಪವಾದರೂ ಲೆಪ್ಟಿನ್ನಿನ ಇಳಿಕೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಂದರೆ ಕೊಬ್ಬಿನ ಕೋಶವು ಇರುವ ಸಂಗ್ರಹವನ್ನಷ್ಟೇ ಅಲ್ಲ, ಸಂಗ್ರಹ ಬಳಕೆಯಾಗತೊಡಗಿದೆ ಎಂಬುದನ್ನೂ ಮುಂಚಿತವಾಗಿ ತಿಳಿಸುತ್ತದೆ.

ಇತರ ಹಾರ್ಮೋನುಗಳು: ಅಡ್ರಿನಲ್ ಗ್ರಂಥಿಯ ಕಾರ್ಟಿಸೋಲ್ ಲೆಪ್ಟಿನ್ ತಯಾರಿಕೆಯನ್ನು ಹೆಚ್ಚಿಸುತ್ತದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳು ಅದನ್ನು ತಗ್ಗಿಸುತ್ತವೆ. ಸಮಾನ ಪ್ರಮಾಣದ ಕೊಬ್ಬಿದ್ದರೂ ಸ್ತ್ರೀಯರಲ್ಲಿ ಲೆಪ್ಟಿನ್ ಮಟ್ಟ ಪುರುಷರಿಗಿಂತ ಹೆಚ್ಚು. ಚರ್ಮದಡಿಯ ಕೊಬ್ಬಿನ ಪಾಲು ಹೆಚ್ಚಿರುವುದು ಮತ್ತು ಲೈಂಗಿಕ ಹಾರ್ಮೋನುಗಳ ವ್ಯತ್ಯಾಸ ಇದಕ್ಕೆ ಕಾರಣಗಳು.

ದಿನದ ಲಯ: ರಕ್ತದ ಲೆಪ್ಟಿನ್ ಹಗಲಿನಲ್ಲಿ ಕಡಿಮೆಯಿದ್ದು, ನಡುರಾತ್ರಿಯಿಂದ ನಸುಕಿನ ವೇಳೆಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಊಟದ ಹೊತ್ತು ಬದಲಾದರೆ ಈ ಲಯವೂ ಸರಿಯುತ್ತದೆ.

ಅಡಿಪೊನೆಕ್ಟಿನ್ ಸ್ರವಿಕೆಯ ನಿಯಂತ್ರಣ

ಅಡಿಪೊನೆಕ್ಟಿನ್ನನ್ನು 1995 ಮತ್ತು 1996ರಲ್ಲಿ ನಾಲ್ಕು ಸಂಶೋಧನಾ ತಂಡಗಳು ಪ್ರತ್ಯೇಕವಾಗಿ ಗುರುತಿಸಿ ನಾಲ್ಕು ಹೆಸರುಗಳನ್ನಿಟ್ಟವು. ಮನುಷ್ಯರಲ್ಲಿ ಇದು 244 ಅಮೈನೋ ಆಮ್ಲಗಳ ಪ್ರೋಟೀನು. ರಕ್ತದಲ್ಲಿ ಲೆಪ್ಟಿನ್ನನ್ನು ಮಿಲಿಲೀಟರಿಗೆ ನ್ಯಾನೊಗ್ರಾಂಗಳಲ್ಲಿ ಅಳೆದರೆ, ಅಡಿಪೊನೆಕ್ಟಿನ್ನನ್ನು ಅದರ ಸಾವಿರ ಪಟ್ಟು ದೊಡ್ಡದಾದ ಮೈಕ್ರೊಗ್ರಾಂಗಳಲ್ಲಿ ಅಳೆಯಬೇಕಾಗುತ್ತದೆ. ಇದು ಸ್ನಾಯು ಮತ್ತು ಯಕೃತ್ತುಗಳು ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುವಂತೆ ಮಾಡುತ್ತದೆ. ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆ.

ಇದರ ನಿಯಂತ್ರಣವು ಮೂರು ಹಂತಗಳಲ್ಲಿ ನಡೆಯುತ್ತದೆ.

ಮೊದಲನೆಯದು ವಂಶವಾಹಿಯ ಹಂತ. ಕೋಶಕೇಂದ್ರದಲ್ಲಿರುವ ಪಿಪಿಎಆರ್-ಗ್ಯಾಮಾ ಎಂಬ ಪ್ರೋಟೀನು ಅಡಿಪೊನೆಕ್ಟಿನ್ ವಂಶವಾಹಿಯನ್ನು ಚಾಲನೆಗೊಳಿಸುತ್ತದೆ. ಮಧುಮೇಹಕ್ಕೆ ಕೊಡುವ ಪಯೋಗ್ಲಿಟಾಜೋನ್ ಎಂಬ ಮಾತ್ರೆ ಈ ಪ್ರೋಟೀನನ್ನೇ ಪ್ರಚೋದಿಸುತ್ತದೆ. ಅದನ್ನು ಸೇವಿಸುವವರಲ್ಲಿ ಅಡಿಪೊನೆಕ್ಟಿನ್ ಮಟ್ಟ ಏರುತ್ತದೆ.

ಎರಡನೆಯದು ಜೋಡಣೆಯ ಹಂತ. ಅಡಿಪೊನೆಕ್ಟಿನ್ ಒಂಟಿ ಅಣುವಾಗಿ ಹೊರಬರುವುದಿಲ್ಲ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಕೋಶದ ಒಳಜಾಲದಲ್ಲಿ ಮೂರು ಅಣುಗಳು ಹೆಣೆದುಕೊಂಡು ಒಂದು ಘಟಕವಾಗುತ್ತವೆ. ಅಂತಹ ಘಟಕಗಳು ಗಂಧಕದ ಬಂಧಗಳ ಮೂಲಕ ಕೂಡಿ ಆರು ಅಣುಗಳ, ಹದಿನೆಂಟು ಅಥವಾ ಇನ್ನೂ ಹೆಚ್ಚು ಅಣುಗಳ ದೊಡ್ಡ ಗುಂಪುಗಳಾಗುತ್ತವೆ. ಈ ದೊಡ್ಡ ಗುಂಪುಗಳೇ ಇನ್ಸುಲಿನ್ ಸ್ಪಂದನೆಯ ದೃಷ್ಟಿಯಿಂದ ಹೆಚ್ಚು ಪರಿಣಾಮಕಾರಿ. ಜೋಡಣೆ ಪೂರ್ಣವಾಗದ ಅಣುಗಳನ್ನು ಇಆರ್‌ಪಿ44 ಎಂಬ ಕಾವಲು ಪ್ರೋಟೀನು ಹಿಡಿದಿಟ್ಟುಕೊಳ್ಳುತ್ತದೆ. ಇಆರ್‌ಒ1 ಎಂಬ ಇನ್ನೊಂದು ಪ್ರೋಟೀನು ಆ ಹಿಡಿತವನ್ನು ಬಿಡಿಸಿ ಹೊರಹೋಗಲು ಅನುವು ಮಾಡುತ್ತದೆ. ಹೀಗಾಗಿ ವಂಶವಾಹಿ ಸರಿಯಾಗಿದ್ದರೂ ಜೋಡಣೆಯಲ್ಲಿ ತೊಡಕಾದರೆ ಹಾರ್ಮೋನು ಕೋಶದೊಳಗೇ ಉಳಿದುಬಿಡುತ್ತದೆ.

ಮೂರನೆಯದು ಬಿಡುಗಡೆಯ ಹಂತ. ಜೋಡಣೆಗೊಂಡ ಅಡಿಪೊನೆಕ್ಟಿನ್ ಗಾಲ್ಗಿ ಸಂಕೀರ್ಣದ ಮೂಲಕ ಸಾಗಿ ಸೂಕ್ಷ್ಮ ಚೀಲಗಳನ್ನು ಸೇರುತ್ತದೆ. ಚೀಲವು ಕೋಶಪೊರೆಯೊಂದಿಗೆ ಬೆಸೆದುಕೊಂಡಾಗ ಒಳಗಿನ ಹಾರ್ಮೋನು ಹೊರಬೀಳುತ್ತದೆ. ನಾರ್‌ಅಡ್ರಿನಲಿನ್ ಅಥವಾ ಅಡ್ರಿನಲಿನ್ ಕೋಶದ ಬೀಟಾ-3 ಗ್ರಾಹಕಕ್ಕೆ ತಗಲಿದಾಗ ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಅಣುವಿನ ಪ್ರಮಾಣ ಹೆಚ್ಚುತ್ತದೆ. ಅದು ಈ ಬೆಸುಗೆಯನ್ನು ಪ್ರಚೋದಿಸುತ್ತದೆ ಎಂದು ಪ್ರಯೋಗಾಲಯದ ಕೊಬ್ಬಿನ ಕೋಶಗಳಲ್ಲಿ ಕಂಡುಬಂದಿದೆ. ಕ್ಯಾಲ್ಸಿಯಂ ಇದ್ದರೆ ಈ ಕ್ರಿಯೆ ಮತ್ತಷ್ಟು ಬಲಗೊಳ್ಳುತ್ತದೆ. ಲೆಪ್ಟಿನ್ನನ್ನು ತಗ್ಗಿಸುವ ಹಾರ್ಮೋನೇ ಅಡಿಪೊನೆಕ್ಟಿನ್ನಿನ ಬಿಡುಗಡೆಗೆ ಪ್ರಚೋದನೆಯಾಗುವುದು ಇಲ್ಲಿ ಗಮನಿಸಬೇಕಾದ ಅಂಶ.

ಮಿದುಳಿನೊಡನೆ ಸಂವಹನ

ರಕ್ತದಲ್ಲಿ ಸಾಗುವ ಲೆಪ್ಟಿನ್ ಮಿದುಳಿನ ಹೈಪೋಥಲಾಮಸ್ ಭಾಗವನ್ನು ತಲುಪುತ್ತದೆ. ಅಲ್ಲಿ ಎರಡು ಗುಂಪಿನ ನರಕೋಶಗಳಿವೆ: ಒಂದು ಹಸಿವನ್ನು ಕೆರಳಿಸುತ್ತದೆ, ಇನ್ನೊಂದು ತಣಿಸುತ್ತದೆ. ಲೆಪ್ಟಿನ್ ಮೊದಲನೆಯದನ್ನು ಅಡಗಿಸಿ ಎರಡನೆಯದನ್ನು ಎಚ್ಚರಿಸುತ್ತದೆ. ಅದೇ ವೇಳೆ ಮಿದುಳು ಅನುವೇದಕ ನರಗಳ ಮೂಲಕ ಕೊಬ್ಬಿನ ಅಂಗಾಂಶಕ್ಕೆ ಮರುಸಂದೇಶ ಕಳುಹಿಸುತ್ತದೆ. ಆ ನರತುದಿಗಳಿಂದ ಹೊರಬರುವ ನಾರ್‌ಅಡ್ರಿನಲಿನ್ ಕೊಬ್ಬನ್ನು ಕರಗಿಸುತ್ತದೆ, ಲೆಪ್ಟಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಹೀಗೆ ಕೊಬ್ಬು ಮತ್ತು ಮಿದುಳುಗಳ ನಡುವೆ ಸುತ್ತುವ ಸಂಕೇತ ಚಕ್ರವೊಂದು ಪೂರ್ಣವಾಗುತ್ತದೆ.

ಈ ವ್ಯವಸ್ಥೆ ಹೆಚ್ಚು ಎಚ್ಚರವಹಿಸುವುದು ಕೊರತೆಯ ಬಗೆಗೆ. ಲೆಪ್ಟಿನ್ ಕುಸಿದಾಗ ಮಿದುಳು ಅದನ್ನು ಬರಗಾಲದ ಸೂಚನೆಯೆಂದು ಪರಿಗಣಿಸುತ್ತದೆ. ಹಸಿವು ತೀವ್ರವಾಗುತ್ತದೆ, ಥೈರಾಯ್ಡ್ ಚಟುವಟಿಕೆ ತಗ್ಗುತ್ತದೆ, ಸಂತಾನೋತ್ಪತ್ತಿಯ ಹಾರ್ಮೋನುಗಳು ಇಳಿಯುತ್ತವೆ. ಅತಿ ತೆಳ್ಳಗಿನ ಸ್ತ್ರೀಯರಲ್ಲಿ ಹಾಗೂ ಕಠಿಣ ಅಭ್ಯಾಸ ನಡೆಸುವ ಕ್ರೀಡಾಪಟುಗಳಲ್ಲಿ ಮುಟ್ಟು ನಿಲ್ಲುವುದಕ್ಕೆ ಕಡಿಮೆ ಲೆಪ್ಟಿನ್ ಒಂದು ಕಾರಣ. ಗರ್ಭವನ್ನು ಪೋಷಿಸುವಷ್ಟು ಶಕ್ತಿ ಸಂಗ್ರಹವಿಲ್ಲದಾಗ ದೇಹವು ಆ ದಾರಿಯನ್ನು ಮುಚ್ಚುತ್ತದೆ. ಕಟ್ಟುನಿಟ್ಟಿನ ಪಥ್ಯದಿಂದ ತೂಕ ಇಳಿಸಿಕೊಂಡವರಿಗೆ ಹಸಿವು ಹೆಚ್ಚಿ, ತೂಕ ಮರಳಿ ಬರುವುದರ ಹಿಂದೆಯೂ ಈ ಕುಸಿತದ ಪಾತ್ರವಿದೆ. ಹೀಗಾಗಿ ತೂಕದ ಏರಿಳಿತವನ್ನು ಮನೋಬಲದ ಪ್ರಶ್ನೆಯೆಂದು ಮಾತ್ರ ನೋಡುವುದು ಶರೀರಕ್ರಿಯಾ ವಿಜ್ಞಾನಕ್ಕೆ ಒಪ್ಪುವುದಿಲ್ಲ.

ಬೊಜ್ಜಿನಲ್ಲಿ ಆಗುವ ವ್ಯತ್ಯಾಸಗಳು

ಲೆಪ್ಟಿನ್ ಹಸಿವನ್ನು ತಗ್ಗಿಸುವುದಾದರೆ, ಹೆಚ್ಚು ಕೊಬ್ಬುಳ್ಳವರಿಗೆ ಹಸಿವೇ ಆಗಬಾರದಿತ್ತು ಎಂಬ ಪ್ರಶ್ನೆ ಸಹಜ. ಬೊಜ್ಜುಳ್ಳ ಬಹುತೇಕರ ರಕ್ತದಲ್ಲಿ ಲೆಪ್ಟಿನ್ ಹೇರಳವಾಗಿಯೇ ಇರುತ್ತದೆ. ಆದರೆ ಮಿದುಳು ಅದಕ್ಕೆ ತಕ್ಕಷ್ಟು ಸ್ಪಂದಿಸುವುದಿಲ್ಲ. ಇದನ್ನು ಲೆಪ್ಟಿನ್ ಪ್ರತಿರೋಧ ಎನ್ನುತ್ತಾರೆ. ರಕ್ತದಿಂದ ಮಿದುಳಿಗೆ ಲೆಪ್ಟಿನ್ ಸಾಗುವುದು ಕುಂಠಿತವಾಗುವುದು, ನರಕೋಶದೊಳಗೆ ಸಂಕೇತವನ್ನು ತಡೆಯುವ ಪ್ರೋಟೀನುಗಳು ಹೆಚ್ಚುವುದು ಮುಂತಾದ ವಿವರಣೆಗಳಿವೆ. ಬೊಜ್ಜುಳ್ಳವರಿಗೆ ಲೆಪ್ಟಿನ್ ಚುಚ್ಚುಮದ್ದು ಕೊಟ್ಟು ತೂಕ ಇಳಿಸುವ ಪ್ರಯತ್ನಗಳು ನಿರೀಕ್ಷಿತ ಫಲ ನೀಡದಿರಲು ಇದೇ ಕಾರಣ.

ಕೊಬ್ಬಿನ ಅಂಗಾಂಶದೊಳಗೂ ಬದಲಾವಣೆಗಳಾಗುತ್ತವೆ. ಕೋಶಗಳು ಮಿತಿಮೀರಿ ಹಿಗ್ಗಿದಾಗ ಅವುಗಳಿಗೆ ಆಮ್ಲಜನಕ ಸಾಲದಾಗುತ್ತದೆ. ಪ್ರೋಟೀನು ಜೋಡಿಸುವ ಒಳಜಾಲದ ಮೇಲೆ ಒತ್ತಡ ಬೀಳುತ್ತದೆ. ಕೆಲವು ಕೋಶಗಳು ಸಾಯುತ್ತವೆ. ಅವನ್ನು ತೆರವುಗೊಳಿಸಲು ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಬಂದು ನೆಲೆಸುತ್ತವೆ. ಅವು ಬಿಡುವ ಟಿಎನ್‌ಎಫ್-ಆಲ್ಫಾ ಮೊದಲಾದ ಉರಿಯೂತಕಾರಕಗಳು ಅಡಿಪೊನೆಕ್ಟಿನ್ ತಯಾರಿಕೆಯನ್ನು ಕುಗ್ಗಿಸುತ್ತವೆ, ಇನ್ಸುಲಿನ್ ಸ್ಪಂದನೆಯನ್ನೂ ಕೆಡಿಸುತ್ತವೆ. ಕೊಬ್ಬು ಹೆಚ್ಚಾದರೂ ಅಡಿಪೊನೆಕ್ಟಿನ್ ಕಡಿಮೆಯಾಗುವ ವಿಚಿತ್ರಕ್ಕೆ ಇದು ಮುಖ್ಯ ವಿವರಣೆ. ಎರಡನೆಯ ಬಗೆಯ ಮಧುಮೇಹಕ್ಕೂ ಹೃದ್ರೋಗಕ್ಕೂ ಇಲ್ಲಿಂದಲೇ ದಾರಿ ತೆರೆಯುತ್ತದೆ.

ವಯಸ್ಕರಲ್ಲಿ ಕೊಬ್ಬಿನ ಕೋಶಗಳ ಒಟ್ಟು ಸಂಖ್ಯೆ ಬಹುಮಟ್ಟಿಗೆ ಸ್ಥಿರವೆಂದೂ, ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಕೋಶಗಳು ಸತ್ತು ಹೊಸವು ಹುಟ್ಟುತ್ತವೆಂದೂ 2008ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದು ತೋರಿಸಿತು. ತೂಕ ಇಳಿದಾಗ ಕೋಶಗಳು ಕುಗ್ಗುತ್ತವೆಯೇ ಹೊರತು ಸಂಖ್ಯೆಯಲ್ಲಿ ಕಡಿಮೆಯಾಗುವುದಿಲ್ಲ. ಕುಗ್ಗಿದ ಕೋಶಗಳು ಕಡಿಮೆ ಲೆಪ್ಟಿನ್ ಬಿಡುತ್ತವೆ.

ಇತರ ಸ್ರವಿಕೆಗಳು

- ಅಡಿಪ್ಸಿನ್: 1987ರಲ್ಲಿ ವರದಿಯಾದ, ಕೊಬ್ಬಿನ ಕೋಶ ಸ್ರವಿಸುವ ಪ್ರೋಟೀನು.
- ರೆಸಿಸ್ಟಿನ್: 2001ರಲ್ಲಿ ಪತ್ತೆಯಾಯಿತು. ಇಲಿಗಳಲ್ಲಿ ಕೊಬ್ಬಿನ ಕೋಶಗಳಿಂದಲೂ ಮನುಷ್ಯರಲ್ಲಿ ಮುಖ್ಯವಾಗಿ ಮ್ಯಾಕ್ರೊಫೇಜ್‌ಗಳಿಂದಲೂ ಬರುತ್ತದೆ.
- ಆಂಜಿಯೊಟೆನ್ಸಿನೊಜನ್: ರಕ್ತದೊತ್ತಡದ ನಿಯಂತ್ರಣಕ್ಕೆ ಸಂಬಂಧಿಸಿದ ಪ್ರೋಟೀನು. ಇದರ ಮುಖ್ಯ ಮೂಲ ಯಕೃತ್ತಾದರೂ ಕೊಬ್ಬೂ ಇದನ್ನು ತಯಾರಿಸುತ್ತದೆ.
- ಈಸ್ಟ್ರೊಜನ್: ಕೊಬ್ಬಿನ ಅಂಗಾಂಶದ ಅರೊಮಟೇಸ್ ಎಂಬ ಕಿಣ್ವವು ಪುರುಷ ಹಾರ್ಮೋನುಗಳನ್ನು ಈಸ್ಟ್ರೊಜನ್ನಾಗಿ ಮಾರ್ಪಡಿಸುತ್ತದೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಈಸ್ಟ್ರೊಜನ್ನಿನ ಪ್ರಮುಖ ಮೂಲ ಇದೇ.

ಭಾರತೀಯರಲ್ಲಿ

ದಕ್ಷಿಣ ಏಷ್ಯಾದ ಜನರಲ್ಲಿ ತೂಕ ಹೆಚ್ಚಿಲ್ಲದಿದ್ದರೂ ಕೊಬ್ಬಿನ ಪಾಲು ಹೆಚ್ಚಿರುವುದು ಸಾಮಾನ್ಯ. ಐರೋಪ್ಯರಿಗೆ ಹೋಲಿಸಿದರೆ ಅವರ ಅಡಿಪೊನೆಕ್ಟಿನ್ ಮಟ್ಟ ಕಡಿಮೆಯೆಂದು ಹಲವು ಅಧ್ಯಯನಗಳು ತಿಳಿಸಿವೆ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರನ್ನೇ ಉದಾಹರಣೆಯಾಗಿ ಕೊಟ್ಟರು. ಇಬ್ಬರ ದೇಹತೂಕ ಸೂಚ್ಯಂಕವೂ 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ಈ ಕಾರಣದಿಂದಲೇ ಭಾರತೀಯರಿಗೆ ಅಧಿಕ ತೂಕದ ಮಿತಿಯನ್ನು ಸೂಚ್ಯಂಕ 25ರ ಬದಲು 23 ಎಂದು ವೈದ್ಯರು ಗಣಿಸುತ್ತಾರೆ.

ಈ ಒಲವು ಹುಟ್ಟಿನಿಂದಲೇ ಕಾಣುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಜನಿಸಿದ ಮಕ್ಕಳನ್ನು ವರ್ಷಗಳ ಕಾಲ ಅನುಸರಿಸಿದ ಅಧ್ಯಯನದಲ್ಲಿ, ಶಿಶುಗಳು ಬ್ರಿಟನ್ನಿನ ಶಿಶುಗಳಿಗಿಂತ ತೂಕದಲ್ಲಿಯೂ ಇತರ ಅಳತೆಗಳಲ್ಲಿಯೂ ಚಿಕ್ಕವಾಗಿದ್ದವು. ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಆ ಪ್ರಮಾಣದಲ್ಲಿ ಕಡಿಮೆಯಾಗಿರಲಿಲ್ಲ.

ವೈದ್ಯಕೀಯ ಬಳಕೆ

ಲೆಪ್ಟಿನ್ ತಯಾರಿಸುವ ವಂಶವಾಹಿಯೇ ಕೆಟ್ಟಿರುವ ಮನುಷ್ಯರು ಬಹು ವಿರಳ. ಅಂತಹ ಇಬ್ಬರು ಮಕ್ಕಳ ವಿವರ 1997ರಲ್ಲಿ ಬ್ರಿಟನ್ನಿನ ಕೇಂಬ್ರಿಜ್‌ನಿಂದ ಪ್ರಕಟವಾಯಿತು. ಹುಟ್ಟಿದಾಗ ಸಾಮಾನ್ಯ ತೂಕವಿದ್ದ ಅವರು ತಣಿಯದ ಹಸಿವಿನಿಂದ ವಿಪರೀತ ದಪ್ಪವಾಗಿದ್ದರು. ಲೆಪ್ಟಿನ್ ಚುಚ್ಚುಮದ್ದು ಆರಂಭಿಸಿದಾಗ 9 ವರ್ಷದ ಬಾಲಕಿಯೊಬ್ಬಳ ತೂಕ ಸುಮಾರು 94 ಕಿಲೊಗ್ರಾಂ ಇತ್ತು. ಚಿಕಿತ್ಸೆಯಿಂದ ಆಕೆಯ ಹಸಿವು ಹತೋಟಿಗೆ ಬಂದು, ಒಂದು ವರ್ಷದಲ್ಲಿ ಸುಮಾರು 16 ಕಿಲೊಗ್ರಾಂ ತೂಕ ಇಳಿಯಿತು. ಕೋಲ್ಮನ್ನರ ಒಬಿ ಇಲಿಯಲ್ಲಿ ಕಂಡುದೇ ಮನುಷ್ಯರಲ್ಲಿಯೂ ಕಂಡಿತು.

ಇನ್ನೊಂದು ಬಳಕೆ ಇದಕ್ಕೆ ತದ್ವಿರುದ್ಧ ಸ್ಥಿತಿಯಲ್ಲಿ. ಲಿಪೊಡಿಸ್ಟ್ರೊಫಿ ಎಂಬ ವಿರಳ ಕಾಯಿಲೆಯಲ್ಲಿ ದೇಹದಲ್ಲಿ ಕೊಬ್ಬಿನ ಅಂಗಾಂಶವೇ ಇರುವುದಿಲ್ಲ ಅಥವಾ ನಶಿಸುತ್ತದೆ. ಕೊಬ್ಬಿಗೆ ತಕ್ಕ ಜಾಗವಿಲ್ಲದೆ ಅದು ಯಕೃತ್ತು, ಸ್ನಾಯುಗಳಲ್ಲಿ ಸೇರಿಕೊಂಡು ತೀವ್ರ ಮಧುಮೇಹ ಉಂಟಾಗುತ್ತದೆ. ಲೆಪ್ಟಿನ್ ಇಲ್ಲದ್ದರಿಂದ ಹಸಿವೂ ಮಿತಿಮೀರುತ್ತದೆ. ಇಂತಹ ರೋಗಿಗಳಿಗಾಗಿ ಮೆಟ್ರೆಲೆಪ್ಟಿನ್ ಎಂಬ ಕೃತಕ ಲೆಪ್ಟಿನ್ನಿಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2014ರಲ್ಲಿ ಒಪ್ಪಿಗೆ ನೀಡಿತು. ಕೊಬ್ಬು ಅತಿಯಾದಾಗ ಬರುವ ಕಾಯಿಲೆಗಳೇ ಕೊಬ್ಬು ಇಲ್ಲದಾಗಲೂ ಬರುವುದರಿಂದ, ಮೇದಸ್ಸು ಆರೋಗ್ಯಕ್ಕೆ ಅಗತ್ಯವಾದ ಅಂಗವೆಂಬುದು ಈ ಕಾಯಿಲೆಯಿಂದ ಸ್ಪಷ್ಟವಾಗುತ್ತದೆ.